ಮಗಳಿಗೊಂದು ಪತ್ರ: ಸಿಟ್ಕಾದ ಸೈನಿಕರ ಬಗ್ಗೆ

ಪುಟ್ಟೀ,

ಊಟ ಸರಿಯಾಗಿ ಮಾಡ್ತಿದೀಯಾ, ಹಾಸ್ಟೆಲ್ ನೀರು ಸರಿಹೋಯ್ತಾ? ಹೋದ ಭಾನುವಾರ ಫೋನಲ್ಲಿ ನೀನು ಕೇಳಿದ್ಯಲ್ಲ, "ಸೋತವರ ಕಡೆ ಗೊಂಬೆಗಳಿಗೆ ಯಾಕಪ್ಪಾ ಇಷ್ಟು ಕಷ್ಟಪಡ್ತೀಯ" ಅಂತ, ಅವತ್ತು ಸುಮ್ನೆ ಏನೋ ಹೇಳಿ ಫೋನ್ ಇಟ್ಬಿಟ್ಟೆ, ಆದ್ರೆ ಆ ಮಾತು ತಲೇಲಿ ಕೂತ್ಬಿಟ್ಟಿದೆ, ಅದಕ್ಕೇ ಬರೀತಿದೀನಿ.

ಈಗ ನಮ್ಮ ಯುದ್ಧದಾಟದ ಟೇಬಲ್ ಮೇಲೆ ಇಪ್ಪತ್ತಾರು ಗೊಂಬೆ ಸೈನಿಕರು ನಿಂತಿದಾರೆ, 1804ರಲ್ಲಿ ಅಲಾಸ್ಕಾದ ಸಿಟ್ಕಾದಲ್ಲಿ ರಷ್ಯನ್ನರ ವಿರುದ್ಧ ಹೋರಾಡಿದ ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ. ಎಲ್ಲಾ 1/72 ಸೈಜು, ಅಂದ್ರೆ ಒಬ್ಬೊಬ್ಬನೂ ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲ. ಟ್ಲಿಂಗಿಟ್ ಯೋಧರು ಅಂತ ರೆಡಿಮೇಡ್ ಪ್ಯಾಕೆಟ್ ನನಗೆಲ್ಲೂ ಸಿಗಲಿಲ್ಲ, ಅದಕ್ಕೆ ಜಪಾನಿ ಸಮುರಾಯ್ ಸೆಟ್ ಒಂದನ್ನ ತರಿಸ್ಕೊಂಡು ಅವರನ್ನೇ ಬದಲಾಯಿಸ್ತಿದೀನಿ. ಗರಿ ಸಿಗಿಸ್ಕೊಂಡು ಕುದುರೆ ಮೇಲೆ ಕೂತಿರೋ "ರೆಡ್ ಇಂಡಿಯನ್" ಗೊಂಬೆ ಇಲ್ಲಿ ಉಪಯೋಗಕ್ಕೇ ಬರಲ್ಲ. ಇವರು ಅಲಾಸ್ಕಾದ ಆಗ್ನೇಯ ಕರಾವಳಿಯವರು, ಮಳೆ, ಕಾಡು, ಸಾಲ್ಮನ್ ಮೀನು, ದೊಡ್ಡ ದೊಡ್ಡ ಮರದ ದೋಣಿ, ಅದು ಅವರ ಲೋಕ. ಅವರ ಭಾಷೇಲಿ ಲಿಂಗಿಟ್ ಅಂದ್ರೆ ಜನ ಅಂತಷ್ಟೇ ಅರ್ಥ.

ಅವರ ಯುದ್ಧದ ಕವಚ ನೋಡ್ಬೇಕು ನೀನು. ಮೊದಲು ದಪ್ಪ ಚರ್ಮದ ಅಂಗಿ, ಅದರ ಮೇಲೆ ಮರದ ಪಟ್ಟಿಗಳನ್ನ ಒತ್ತೊತ್ತಾಗಿ ಜೋಡಿಸಿ ಪ್ರಾಣಿಗಳ ನರದ ದಾರದಲ್ಲಿ ಹೆಣೆದಿರೋದು. ಕತ್ತಿನ ಸುತ್ತ ಬಗ್ಗಿಸಿದ ಮರದ ಕಾಲರ್, ಅದು ಕಣ್ಣಿನ ತನಕ ಬರತ್ತೆ, ಒಳಗಡೆ ಇರೋ ಕುಣಿಕೇನ ಹಲ್ಲಲ್ಲಿ ಕಚ್ಚಿ ಹಿಡ್ಕೋಬೇಕು, ಅದರ ಮೇಲೆ ಕೆತ್ತನೆ ಮಾಡಿದ ಭಾರದ ಮರದ ಹೆಲ್ಮೆಟ್. 1792ರಲ್ಲಿ ಒಂದು ರಾತ್ರಿ ಇವರು ತುಪ್ಪಳ ವ್ಯಾಪಾರದ ರಷ್ಯನ್ ಕಂಪನಿಯ ಮ್ಯಾನೇಜರ್ ಬರಾನೋವ್‌ನ ಬಿಡಾರದ ಮೇಲೆ ಬಿದ್ದಾಗ ಬಂದೂಕಿನ ಗುಂಡುಗಳು ಈ ಕವಚ ದಾಟಲಿಲ್ಲ ಅಂತ ಅವನೇ ಬರೆದಿದಾನೆ.

ಗೊಂಬೇಲಿ ಇದನ್ನ ಮಾಡೋವಾಗ ನಾನು ಮೊದಲು ಎಡವಿದ್ದು ಕಾಲರ್ ಹತ್ರ. ಇದ್ದ ತಲೆ ಮೇಲೇ ಎಂ-ಸೀಲ್ ಮೆತ್ತಿ ಹೆಲ್ಮೆಟ್ ಮಾಡಿದ್ರೆ ಟೋಪಿ ಹಾಕ್ಕೊಂಡಿರೋ ಮಗು ಥರ ಕಾಣ್ತಿತ್ತು. ನಿಜವಾದ ಯೋಧನ್ನ ದೂರದಿಂದ ನೋಡಿದ್ರೆ ಕತ್ತೇ ಇರಲ್ಲ, ಭುಜದ ಮೇಲೇ ಮುಖ ಕೂತಂಗೆ. ಹಾಗಾಗಿ ಈಗ ತಲೇನೇ ಕತ್ತರಿಸಿ ತೆಗೀತೀನಿ, ಹಳೇ ಲಗ್ನಪತ್ರಿಕೆಯ ಗಟ್ಟಿ ಕಾಗದದಿಂದ ಎರಡು ಮಿಲಿಮೀಟರ್ ಪಟ್ಟಿ ಕುಯ್ದು ಫೆವಿಕ್ವಿಕ್ ಹಚ್ಚಿ ಉಂಗುರ ಮಾಡಿ ಕೂರಿಸ್ತೀನಿ, ಅದರ ಮೇಲೆ ಹೆಲ್ಮೆಟ್ ಕಟ್ತೀನಿ. ಮರದ ಪಟ್ಟಿಗೆ ಎಂ-ಸೀಲ್ ಗಟ್ಟಿಯಾಗೋ ಮುಂಚೆ ಬ್ಲೇಡಲ್ಲಿ ಗೀರು ಎಳೆದ್ರೆ ಸಾಕು. ಎರಡು ಕಡೆ ಅಲಗಿರೋ ಅವರ ಕಠಾರಿ ಇದೆಯಲ್ಲ, ಮೇಲೆ ಚಿಕ್ಕದು ಕೆಳಗೆ ಉದ್ದ, ಅದಕ್ಕೆ ಗುಂಡುಪಿನ್ನು ತಟ್ಟಿ ಚಪ್ಪಟೆ ಮಾಡ್ತೀನಿ. ಒಬ್ಬನಿಗೆ ಮಾತ್ರ ನಾಣ್ಯದ ಅಂಗಿ ಹಾಕಿದೀನಿ. ನೀರುನಾಯಿ ಚರ್ಮಕ್ಕೆ ಬದಲಾಗಿ ಹಡಗಿನೋರು ಚೀನಾದ ತೂತಿನ ನಾಣ್ಯ ಕೊಡೋರು, ಇವರು ಅದನ್ನ ಚರ್ಮಕ್ಕೆ ಸಾಲಾಗಿ ಹೊಲಿದು ಕವಚ ಮಾಡ್ಕೊಂಡ್ರು. ಖಾಲಿ ರೀಫಿಲ್ ತುದಿಯಿಂದ ಎಂ-ಸೀಲ್ ಮೇಲೆ ಒತ್ತಿದೆ, ಸಣ್ಣ ಸಣ್ಣ ರೌಂಡ್ ಬಂತು, ಮೇಲೆ ಹಿತ್ತಾಳೆ ಬಣ್ಣ ಸವರಿದೆ, ಲೈಟ್ ಬಿದ್ರೆ ಹೊಳೀತದೆ ಕಣೇ. ಅಂದಹಾಗೆ ಬಣ್ಣ ಹಚ್ಚೋ ಮುಂಚೆ ಸೋಪಿನ ನೀರಲ್ಲಿ ತೊಳೀಲೇಬೇಕು, ಇಲ್ದಿದ್ರೆ ಈ ಮೆತ್ತನೆ ಪ್ಲಾಸ್ಟಿಕ್ ಮೇಲೆ ಪೇಂಟ್ ನಿಲ್ಲಲ್ಲ.

ಆಮೇಲೆ ಒಂದು ತಪ್ಪು ಮಾಡಿದೆ. ಮ್ಯೂಸಿಯಂ ಫೋಟೋಗಳನ್ನ ನೋಡ್ಕೊಂಡು ಹೆಲ್ಮೆಟ್‌ಗಳಿಗೆ ತೋಳ, ಕರಡಿ, ಕಪ್ಪೆ ಅಂತ ಚಂದ ಕಂಡಿದ್ದನ್ನೆಲ್ಲಾ ಬರೆದ್ಬಿಟ್ಟೆ. ಆ ಚಿತ್ರಗಳು ಬರೀ ಅಲಂಕಾರ ಅಲ್ಲ, ಒಂದೊಂದು ಕುಲಕ್ಕೂ ಅದರದೇ ಲಾಂಛನ, ಅದು ಆ ಕುಲದ ಆಸ್ತಿ, ಬೇರೆಯವರು ಕೇಳದೆ ಬಳಸೋ ಹಾಗಿಲ್ಲ. ಕುಲ ಅಮ್ಮನ ಕಡೆಯಿಂದ ಬರತ್ತೆ, ತುಳುನಾಡಲ್ಲಿ ತಾಯಿ ಕಡೆ ಕುಲಕ್ಕೆ "ಬಳಿ" ಅಂತೀವಲ್ಲ, ನಿನಗೆ ನಿಮ್ಮಮ್ಮನ ಬಳಿ ಬಂದಿರೋ ಹಾಗೇ, ಮದುವೇನೂ ಒಂದೇ ಪಂಗಡದಲ್ಲಿ ಆಗಂಗಿಲ್ಲ. ಉಡುಪಿ ಅಜ್ಜಿ ಮನೇಲಿ ಬಳಿ ವಿಷಯ ಎಷ್ಟು ಗಂಭೀರವಾಗಿ ಮಾತಾಡ್ತಾರೆ ಅಂತ ನೆನಪಾಗಿ ನಾಚಿಕೆಯಾಯ್ತು. ಒಂದಿಡೀ ಸಂಜೆ ಕೂತು ಎಲ್ಲಾ ಕೆರೆದು ತೆಗೆದೆ. ಈಗ ಬರೀ ಮರದ ಬಣ್ಣ, ಮನುಷ್ಯನ ಮುಖದ ಆಕಾರ, ಅಲ್ಲಲ್ಲಿ ಒಂಚೂರು ಕಪ್ಪು ಕೆಂಪು.

ಇನ್ನು ನಿನ್ನ ಪ್ರಶ್ನೆಗೆ ಬರ್ತೀನಿ. 1802ರಲ್ಲಿ ಟ್ಲಿಂಗಿಟ್‌ಗಳು ಸಿಟ್ಕಾ ಹತ್ರದ ರಷ್ಯನ್ ಕೋಟೇನ ಸುಟ್ಟುಹಾಕಿದ್ರು. 1804ರಲ್ಲಿ ಬರಾನೋವ್ ಅಲಾಸ್ಕಾದ ದ್ವೀಪಗಳ ನೂರಾರು ಅಲ್ಯೂಟ್ ದೋಣಿಗಾರರನ್ನ ಕರ್ಕೊಂಡು ವಾಪಸ್ ಬಂದ, ಜೊತೆಗೆ ಕ್ಯಾಪ್ಟನ್ ಲಿಸ್ಯಾನ್ಸ್ಕಿಯ ನೇವಾ ಹಡಗು. ಟ್ಲಿಂಗಿಟ್‌ಗಳ ಕಿಕ್ಸಾಡಿ ಕುಲದೋರು ನದಿ ಮುಖದಲ್ಲಿ ದಪ್ಪ ಮರದ ಕೋಟೆ ಕಟ್ಕೊಂಡಿದ್ರು, ಹಡಗಿನ ಫಿರಂಗಿಗೂ ಅದು ಜಗ್ಗಲಿಲ್ಲ. ರಷ್ಯನ್ನರು ನುಗ್ಗಿದಾಗ ಕಲ್ಯಾನ್ ಅನ್ನೋ ಅವರ ಯೋಧ ಕಾಗೆ ಹೆಲ್ಮೆಟ್ ಹಾಕ್ಕೊಂಡು, ಕಮ್ಮಾರರ ಸುತ್ತಿಗೆ ಹಿಡ್ಕೊಂಡು ನದಿಯಲ್ಲೇ ತೇಲಿ ಬಂದು ಹಿಂದಿನಿಂದ ಬಿದ್ದ ಅಂತ ಅವರ ಹಿರಿಯರು ಹೇಳ್ತಾರೆ. ಬರಾನೋವ್‌ಗೇ ಗಾಯ ಆಯ್ತು, ಆ ದಿನ ಗೆದ್ದಿದ್ದು ಟ್ಲಿಂಗಿಟ್‌ಗಳೇ. ಕಷ್ಟ ಅಂದ್ರೆ ಅದಕ್ಕೂ ಮುಂಚೇನೇ ಅವರ ಮದ್ದುಗುಂಡು ತರ್ತಿದ್ದ ದೋಣಿ ಸಿಡಿದು ಹೋಗಿತ್ತು. ಮದ್ದಿಲ್ಲದೆ ಎಷ್ಟು ದಿನ? ಕೊನೆಗೆ ಒಂದು ರಾತ್ರಿ ಮುದುಕರು ಮಕ್ಕಳು ಸಮೇತ ಕೋಟೆ ಬಿಟ್ಟು ಕಾಡು ಬೆಟ್ಟ ದಾಟಿ ಉತ್ತರಕ್ಕೆ ನಡೆದುಹೋದ್ರು, ಅಲ್ಲಿ ಇನ್ನೊಂದು ಕೋಟೆ ಕಟ್ಟಿದ್ರು. ಆಮೇಲೆ ತಿರುಗಿ ಸಿಟ್ಕಾಗೇ ಬಂದ್ರು, ಅವರ ವಂಶದೋರು ಇವತ್ತೂ ಅಲ್ಲೇ ಇದಾರೆ. ಆ ಕಾಗೆ ಹೆಲ್ಮೆಟ್ ಕೂಡ ಆ ಊರಿನ ಶೆಲ್ಡನ್ ಜಾಕ್ಸನ್ ಮ್ಯೂಸಿಯಂನಲ್ಲೇ ಇದೆ.

ನಮ್ಮ ಆಟದ ರೂಲ್ಸಲ್ಲಿ ಕೋಟೆ ಯಾರ ಕೈಯಲ್ಲಿದೆಯೋ ಅವರು ಗೆದ್ದಂಗೆ. ಅದು ನಂಗೆ ಒಪ್ಪಿಗೆ ಆಗ್ಲಿಲ್ಲ, ಬದಲಾಯಿಸಿದೀನಿ. ಟ್ಲಿಂಗಿಟ್ ಕಡೆಯೋರಿಗೆ ಪಾಯಿಂಟು ಬರೋದು ಎಷ್ಟು ಜನ ಮುದುಕರು, ಹೆಂಗಸರು, ಮಕ್ಕಳನ್ನ ಟೇಬಲ್ಲಿನ ಉತ್ತರದ ಅಂಚಿಗೆ ದಾಟಿಸಿದ್ರು ಅನ್ನೋದರ ಮೇಲೆ, ಕವಚದೋರು ಅಲ್ಲೀತನಕ ದಾರಿ ಕಾಯ್ಬೇಕು.

ಕಲ್ಯಾನ್‌ನ ನೀರಲ್ಲಿ ಎದೆಮಟ್ಟ ಮುಳುಗಿರೋ ಹಾಗೆ ಮಾಡಿ, ಫೆವಿಕಾಲಲ್ಲಿ ನೀರು ಮಾಡಿ, ಕೈಗೆ ಸುತ್ತಿಗೆ ಕೊಟ್ಟಿದೀನಿ. ಹೆಲ್ಮೆಟ್ ಹಾಕಿಲ್ಲ. ಅದು ಅವರದ್ದು.

ಆದ್ರೆ ದಾಟೋ ಜನಾನೇ ನನ್ನ ಹತ್ರ ಇಲ್ಲ. ಸಮುರಾಯ್ ಡಬ್ಬೀಲಿ ಅಜ್ಜೀರು ಎಲ್ಲಿಂದ ಬರ್ಬೇಕು. ನಾನು ಎರಡು ಸಲ ಟ್ರೈ ಮಾಡ್ದೆ, ಕಂಬಳಿ ಹೊದ್ದ ಹೆಂಗಸು ಕಲ್ಲಿನ ಥರ ಬಂತು. ಗಣೇಶನ ಹಬ್ಬಕ್ಕೆ ನೀನು ಮಣ್ಣಲ್ಲಿ ಮಾಡ್ತಿದ್ದ ಇಲಿಯ ಕಿವಿ ಎಷ್ಟು ತೆಳ್ಳಗಿರೋದು, ಆ ಕೈ ನಂಗಿಲ್ಲ. ದಸರಾ ರಜಕ್ಕೆ ಬಂದಾಗ ಹನ್ನೆರಡು ಜನ ಮಾಡ್ಕೊಡು, ಅದರಲ್ಲಿ ಒಬ್ಬಳು ಮಗು ಎತ್ಕೊಂಡಿರ್ಲಿ. ಎಂ-ಸೀಲ್ ಹೊಸ ಪ್ಯಾಕೆಟ್ ತಂದಿಟ್ಟಿದೀನಿ, ನಿಮ್ಮಮ್ಮ ಪೈಪಿಗೆ ಬೇಕು ಅಂತ ಕೇಳಿದ್ರೂ ಕೊಟ್ಟಿಲ್ಲ.

ನಿನ್ನ ಅಪ್ಪ