ಚೇತನ್, ನಿನ್ನ ನಲವತ್ತಾರು ವಾಚಿನ ವಿಷಯ

ಚೇತನ್,

ಮೊನ್ನೆ ಮದುವೆ ಮನೆಯಲ್ಲಿ, ಎಲೆ ಮುಂದೆ ಕೂತು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಮಾವ, ನಲವತ್ತಾರು ಹಳೇ ಎಚ್‌ಎಂಟಿ ವಾಚಿಗೆ ಇಷ್ಟು ದುಡ್ಡು ಸುರಿದಿದ್ದೀನಲ್ಲ, ಎಲ್ಲಾ ದಂಡನಾ?" ಅಂದೆ. ಪಕ್ಕದಲ್ಲೇ ನಿಮ್ಮಮ್ಮ ಕೂತಿದ್ದಳು. ನಾನು ಸುಮ್ನೆ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ. ಈಗ ಅವಳು ಫೋನ್ ಮಾಡಿ, ನೀನು 1,80,000 ರೂಪಾಯಿಯ ಸ್ವಿಸ್ ವಾಚನ್ನು ಕ್ರೆಡಿಟ್ ಕಾರ್ಡಿನ ಮೇಲೆ ತಗೊಳ್ಳಲು ಹೊರಟಿದ್ದೀಯ ಅಂತ ಅತ್ತಳು. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ವಾಚಿನ ಹುಚ್ಚು ನಿನಗೆ ಎಲ್ಲಿಂದ ಬಂತು ಅಂತ ನಿಮ್ಮಮ್ಮ ಕೇಳುತ್ತಾಳೆ. ನನ್ನಿಂದಲೇ ಬಂದಿರಬೇಕು. ಕಂಡಕ್ಟರ್ ಆಗಿ ಸೇರಿ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವ ಟಿ.ಸಿ. (ಟ್ರಾಫಿಕ್ ಕಂಟ್ರೋಲರ್) ಆಗಿ ರಿಟೈರ್ ಆದವನು ನಾನು, ಬೇಲೂರಿನ ಬಸ್ಸಾಗಲಿ ಸಕಲೇಶಪುರದ ಬಸ್ಸಾಗಲಿ ನನ್ನ ಮಣಿಕಟ್ಟು ನೋಡಿಯೇ ಹೊರಡುತ್ತಿತ್ತು. ಕೈಯಲ್ಲಿದ್ದ ವಾಚು ಮದುವೆಯಲ್ಲಿ ನಿನ್ನ ಅತ್ತೆಯ ತವರಿನವರು ಕೊಟ್ಟ ಎಚ್‌ಎಂಟಿ ಜನತಾ. ಬೆಳಿಗ್ಗೆ ಎದ್ದು ಕೀ ಕೊಡೋದು, ರೇಡಿಯೊ ವಾರ್ತೆಗೆ ಮುಂಚೆ ಬರುವ ಪೀಪ್ ಪೀಪ್ ಕೇಳಿ ಮುಳ್ಳು ಸರಿ ಮಾಡೋದು, ಆಮೇಲೆ ಕಾಫಿ. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತಿತ್ತು. ಈಗಲೂ ಬೀಳುತ್ತೆ.

ಅದರ ಹಿಂದಿನ ಮುಚ್ಚಳ ತೆಗೆದು ನಿನಗೆ ತೋರಿಸಿದ್ದು ನೆನಪಿದೆಯಾ? ಆಗ ನೀನು ಆರನೇ ಕ್ಲಾಸು. ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಹದಿನೇಳು ಕೆಂಪು ಕಲ್ಲು, ಅತ್ತ ಇತ್ತ ತಿರುಗುವ ಬ್ಯಾಲೆನ್ಸ್ ಚಕ್ರ. ಸೆಕೆಂಡಿಗೆ ಐದು ಟಿಕ್ ಅಂದರೆ ದಿನಕ್ಕೆ 4,32,000 ಅಂತ ನೀನೇ ಗುಣಿಸಿ ಹೇಳಿದ್ದೆ. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ, ಬೆರಳಿನ ಕೀಲಿ ಅಷ್ಟೇ. ಅದನ್ನು ನೋಡಿ ಮನಸೋತವನನ್ನು ನಾನು ಹೇಗೆ ಬಯ್ಯಲಿ?

ಆದರೆ ಮೊನ್ನೆ ಮದುವೆ ಮನೆಯಲ್ಲಿ ನೀನು ಇನ್ನೊಂದು ಮಾತು ಅಂದೆ. "ಇದು ಇನ್ವೆಸ್ಟ್‌ಮೆಂಟ್ ಮಾವ, ಕಂಪನಿ ಮುಚ್ಚಿಹೋಗಿದೆ, ರೇಟು ಏರುತ್ತಲೇ ಇರುತ್ತೆ." ನನ್ನ ತಕರಾರು ಇರುವುದು ಇಲ್ಲಿ. ಎಚ್‌ಎಂಟಿ ವಾಚು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದದ್ದು, ಬ್ಯಾಟರಿ ವಾಚು ಬಂದ ಮೇಲೆ ಸೋತು ಸೋತು 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚೋದಕ್ಕೆ ಒಪ್ಪಿಗೆ ಕೊಟ್ಟಿತು, ಅದೆಲ್ಲ ನಿಜ. ಮುಚ್ಚುವ ಸುದ್ದಿ ಹಬ್ಬಿದಾಗ ಜನ ಮುಗಿಬಿದ್ದು ಕೊಂಡದ್ದೂ ನಿಜ. ಆದರೆ ಒಮ್ಮೆ ಯೋಚನೆ ಮಾಡು, ಆ ವಾಚು ಲೆಕ್ಕವಿಲ್ಲದಷ್ಟು ಮನೆಗಳ ಬೀರುವಿನಲ್ಲಿ ಬಿದ್ದಿದೆ. ಬೆಲೆ ಕೊಡುತ್ತಿರುವವರು ಅಪ್ಪನ ಕೈಯಲ್ಲಿ ಅದನ್ನು ನೋಡಿದವರು, ನಮ್ಮ ಆ ನೆನಪು ನಿನ್ನ ಮಕ್ಕಳಿಗೆ ಇರುತ್ತಾ? ನನಗಂತೂ ಅನುಮಾನ.

ನನ್ನ ಕತೆಯನ್ನೇ ಕೇಳು, ಇದು ನಿನ್ನ ಅತ್ತೆಗೂ ಪೂರ್ತಿ ಗೊತ್ತಿಲ್ಲ. ರಿಟೈರ್ ಆದ ವರ್ಷ, ಕೈಯಲ್ಲಿ ದುಡ್ಡಿತ್ತು, ಫೋನಿನಲ್ಲಿ ಒಂದು ಎಚ್‌ಎಂಟಿ ಪೈಲಟ್ ಕಂಡಿತು. ಕಪ್ಪು ಡಯಲ್, ಒಂದು ಗೀರಿಲ್ಲ. "ಅಂಗಡಿಯಲ್ಲೇ ಉಳಿದಿದ್ದ ಹಳೇ ಸ್ಟಾಕು, ಯಾರೂ ಕಟ್ಟಿಲ್ಲ" ಅಂತ ಬರೆದಿದ್ದರು. 6,500 ರೂಪಾಯಿ ಕಳಿಸಿದೆ. ಬಂದ ದಿನ ಮಗು ಥರ ಖುಷಿಪಟ್ಟು ನಮ್ಮ ರಿಪೇರಿಯವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು, ಏನೂ ಮಾತಾಡಲಿಲ್ಲ. ಆಮೇಲೆ ಆ ಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಡಯಲ್ ಮೇಲಿನ ಅಂಕಿಗಳು ದಪ್ಪಗೆ ಉಬ್ಬಿದ್ದವು, 8ರ ಹೊಟ್ಟೆಯೊಳಗೆ ಬಿಳಿ ಬಣ್ಣ ಇಳಿದಿತ್ತು. ಹೊಸದಾಗಿ ಬಳಿದದ್ದು. ಮುಳ್ಳುಗಳು ಬೇರೆ ಮಾಡೆಲ್ಲಿನವು, ನಿಮಿಷದ ಮುಳ್ಳು ಗೆರೆ ಮುಟ್ಟುವುದೇ ಇಲ್ಲ. ಮುಚ್ಚಳ ಬಿಚ್ಚಿದರೆ ಸ್ಕ್ರೂಗಳ ತಲೆ ಸವೆದಿದೆ, ಅಂಚಿನಲ್ಲಿ ತುಕ್ಕು. ಯಾರೂ ಕಟ್ಟಿಲ್ಲವಂತೆ! ನಾಲ್ಕು ವಾಚು ಸೇರಿಸಿ ಒಂದು ಮಾಡಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಲು ಹೋದೆ, 800 ಕೊಡುತ್ತೇನೆ ಅಂದ ಒಬ್ಬ. ಅದು ಇನ್ನೂ ದೇವರ ಮನೆ ಡ್ರಾಯರಿನಲ್ಲೇ ಇದೆ.

ನಿಮ್ಮ ತಾತ ಬಿತ್ತನೆ ಆಲೂಗಡ್ಡೆ ತರಲು ಮಾರ್ಕೆಟ್ಟಿಗೆ ಹೋದರೆ, ಚೀಲದ ಮೇಲೆ ಒಳ್ಳೆ ಬಿತ್ತನೆ ಬರುವ ಜಲಂಧರ್ ಊರಿನ ಹೆಸರು ಬರೆದಿದ್ದರೂ ಒಳಗೆ ಕೈ ಹಾಕಿ ಒಂದು ಗಡ್ಡೆ ತೆಗೆದು ಕುಯ್ದು ನೋಡದೆ ದುಡ್ಡು ಬಿಚ್ಚುತ್ತಿರಲಿಲ್ಲ. ಅವರ ಮಗ ನಾನು, ಫೋಟೊ ನೋಡಿ ಕೊಂಡೆ. ನೀನು ಹಾಗೆ ಮಾಡಬೇಡ. ಮುಚ್ಚಳ ತೆಗೆದು ಮಷೀನ್ ತೋರಿಸದವನ ಹತ್ತಿರ ಬಿಡಿಗಾಸಿನದ್ದೂ ತಗೋಬೇಡ. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಡಯಲ್ಲಿನವು ನಿನ್ನ ಹತ್ತಿರ ಎಂಟೋ ಒಂಬತ್ತೋ ಇವೆಯಲ್ಲ, ಅವನ್ನು ಮೊದಲು ಯಾರಾದರೂ ತಿಳಿದವರಿಗೆ ತೋರಿಸು. ಅದು ಕಂಪನಿಯವರೇ ಬಳಿದ ಬಣ್ಣ ಅಂತ ನನಗೇನೋ ನಂಬಿಕೆ ಇಲ್ಲ.

ಚಿನ್ನದ ಅಂಗಡಿಯಲ್ಲಾದರೆ ಇವತ್ತಿನ ರೇಟು ಬೋರ್ಡಿನ ಮೇಲೆ ಬರೆದಿರುತ್ತೆ. ವಾಚಿಗೆ ಯಾವ ಬೋರ್ಡು? ಕೊಳ್ಳುವವನು ಸಿಕ್ಕಿದ ದಿನ, ಅವನು ಹೇಳಿದ ರೇಟು. ಅದರ ಮೇಲೆ ಇದು ತಿನ್ನುತ್ತಲೇ ಇರುತ್ತೆ. ಒಳಗಿನ ಎಣ್ಣೆ ಒಣಗುತ್ತೆ, ಬಿಚ್ಚಿ ತೊಳೆದು ಎಣ್ಣೆ ಬಿಡಬೇಕು. ನಮ್ಮ ರಿಪೇರಿಯವರು ಒಂದಕ್ಕೆ 600 ತಗೊಳ್ಳುತ್ತಾರೆ. ಐದು ವರ್ಷಕ್ಕೊಂದು ಸಲ ಅಂದರೂ ನಲವತ್ತಾರಕ್ಕೆ 27,600, ವರ್ಷಕ್ಕೆ ಹತ್ತಿರ ಹತ್ತಿರ ಐದೂವರೆ ಸಾವಿರ. ಈ ಖರ್ಚು ನಿನ್ನ ಎಕ್ಸೆಲ್ ಪಟ್ಟಿಯಲ್ಲಿ ಇಲ್ಲ, ನಾನು ನೋಡಿದ್ದೇನೆ.

ಹಾಗಂತ ಮಾರಿಬಿಡು ಅನ್ನುತ್ತಿಲ್ಲ. ಕೆಲವರು ಸಿನಿಮಾಕ್ಕೆ, ಕೆಲವರು ಬಾರಿಗೆ ಸುರಿಯುತ್ತಾರೆ, ನೀನು ವಾಚಿಗೆ ಸುರಿಯುತ್ತೀಯ. ಅದನ್ನು ಖರ್ಚು ಅಂತಲೇ ಬರೆದಿಡು. ಆಗ ಎಷ್ಟು ಅನ್ನೋದು ತಾನಾಗಿ ಗೊತ್ತಾಗುತ್ತೆ. ಉಳಿತಾಯ ಅಂತ ಬರೆದದ್ದಕ್ಕೇ ಕೈ ಇಷ್ಟು ಸಡಿಲವಾಗಿರೋದು.

ಇನ್ನು ಆ ಸ್ವಿಸ್ ವಾಚು. ಅದು ಒಳ್ಳೆಯದೇ ಇರಬಹುದು, ನನಗೆ ಅದರ ಬಗ್ಗೆ ಗೊತ್ತಿಲ್ಲ. ಕಾರ್ಡಿನ ಬಿಲ್ಲು ಬಂದಾಗ ನೀನು ಮಿನಿಮಮ್ ಮಾತ್ರ ಕಟ್ಟುತ್ತೀಯ ಅಂತ ನಿಮ್ಮಮ್ಮ ಹೇಳಿದಳು, ನನಗೆ ಭಯ ಆದದ್ದು ಅದಕ್ಕೆ. ಹಾಗೆ ಉಳಿಸಿಕೊಂಡ ಬಾಕಿಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಗಿಂತ ಜಾಸ್ತಿ ಬಡ್ಡಿ ಬೀಳುತ್ತೆ. ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ನಾವು ಏನಂತ ಬಯ್ಯುತ್ತೇವೆ, ನಿನಗೆ ಗೊತ್ತಲ್ಲ? 1,80,000ಕ್ಕೆ ಮೂರರ ಲೆಕ್ಕದಲ್ಲೇ 5,400. ನಲವತ್ತಾರು ವಾಚಿನ ಒಂದು ವರ್ಷದ ಸರ್ವೀಸು, ತಿಂಗಳ ಬಡ್ಡಿಗೇ ಹೋಯಿತು. ಬೇಕೇ ಬೇಕು ಅಂದರೆ ಪೂರ್ತಿ ದುಡ್ಡು ಕೂಡಿಸಿಕೊಂಡು ತಗೋ, ಎರಡು ವರ್ಷ ಹಿಡಿದರೆ ಹಿಡಿಯಲಿ. ಅಷ್ಟರೊಳಗೆ ಆಸೆ ಇಳಿದುಹೋದರೆ ಇನ್ನೂ ಒಳ್ಳೆಯದು, ಅಲ್ವಾ?

ಬೆಂಗಳೂರಿನಲ್ಲೇ ಇದ್ದೀಯ, ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಮ್ಮಿಗೆ ಒಂದು ಭಾನುವಾರ ನಿಮ್ಮಮ್ಮನನ್ನು ಕರೆದುಕೊಂಡು ಹೋಗು, ಬಾಗಿಲು ತೆಗೆದಿರುತ್ತಾ ಅಂತ ಮೊದಲೇ ವಿಚಾರಿಸಿಕೋ. ಅವಳ ಮುಂದೆ ಕಾರ್ಡಿನ ಮಾತು ಎತ್ತಬೇಡ, ಹಳೇ ವಾಚುಗಳನ್ನು ತೋರಿಸು ಸಾಕು.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ, ಆಗ ಬರುತ್ತೀಯಲ್ಲ. ನಿಂತುಹೋಗಿವೆ ಅಂದೆಯಲ್ಲ ಏಳು, ಅವನ್ನು ಒಂದು ಬಟ್ಟೆಯಲ್ಲಿ ಸುತ್ತಿ ತಾ. ರಿಪೇರಿಯವರಿಗೆ ಹೇಳಿಟ್ಟಿದ್ದೇನೆ, ಶುಕ್ರವಾರ ಮಧ್ಯಾಹ್ನ ಅವರು ಅಂಗಡಿ ಮುಚ್ಚಿರುತ್ತಾರೆ, ಆವತ್ತು ಬಿಟ್ಟು ಬಾ.

ನಿನ್ನ ಮಾವ