ಸೆಕೆಂಡ್ ಶೋ ಬಿಡುವ ಹೊತ್ತು

ಶಿವಮೊಗ್ಗ
ಭಾನುವಾರ ರಾತ್ರಿ

ಪುಟ್ಟೀ,

ಗುರುವಾರ ನಿನ್ನನ್ನು ವಿಮಾನ ಹತ್ತಿಸಲು ತಮ್ಮ ಬರುತ್ತಾನಲ್ಲ, ಅವನ ಕೈಯಲ್ಲಿ ಈ ಪತ್ರ ಕೊಟ್ಟು ಕಳಿಸುತ್ತೇನೆ. ಫೋನಿನಲ್ಲೇ ಹೇಳಿಬಿಡೋಣ ಅಂತ ನಿನ್ನೆಯಿಂದ ಎರಡು ಸಲ ನಂಬರ್ ಒತ್ತಿದೆ. ರಿಂಗಾಗುವ ಮೊದಲೇ ಕಟ್ ಮಾಡಿದೆ. ಆ ಕಡೆಯಿಂದ ನೀನು 'ಹೇಳಪ್ಪಾ' ಅಂದರೆ ನಾನು 'ಊಟ ಆಯ್ತಾ' ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಊಟಕ್ಕೆ ಕೂತಾಗ ಆದದ್ದು, ಆಮೇಲೆ ರೈಲ್ವೆ ಸ್ಟೇಷನ್ನಿನಲ್ಲಿ ನಡೆದದ್ದು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತಿರುವುದೇ. ನೀನು ಹೊರಡುವ ದಿನ ನಾನು ಟಾಕೀಸ್ ಕೆಡವುವುದನ್ನು ನೋಡುತ್ತಾ ನಿಂತು ಊಟಕ್ಕೆ ತಡ ಮಾಡಬಾರದಿತ್ತು. ತಪ್ಪು ನನ್ನದೇ. ಆದರೆ ನೀನು ಒಂದು ಮಾತು ಅಂದೆಯಲ್ಲ: 'ನನಗೆ ಫಿಟ್ಸ್ ಬಂದ ರಾತ್ರಿ ಕೂಡ ಟಾಕೀಸಿನವರು ನಿನ್ನನ್ನ ಬಿಡಲಿಲ್ಲ ಅಪ್ಪಾ. ಅಂಥ ಜಾಗ ಬಿದ್ದುಹೋದ್ರೆ ನಿನಗ್ಯಾಕೆ ಸಂಕಟ?' ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಎದ್ದು ಜಗಲಿಗೆ ಹೋದೆ. ನನಗೆ ಸಿಟ್ಟು ಬಂತು ಅಂತ ನೀನು ತಿಳಿದುಕೊಂಡೆ. ಸಿಟ್ಟಲ್ಲ ಅದು.

ಅದನ್ನು ಹೇಳುವ ಮೊದಲು, ಟಾಕೀಸಿನಲ್ಲಿ ನಾನು ಸಿನಿಮಾ ಓಡಿಸುತ್ತಿದ್ದ ಕ್ಯಾಬಿನ್ ಹೇಗಿತ್ತು ಅಂತ ಹೇಳಬೇಕು. ನೀನು ಅಲ್ಲಿಗೆ ಬಂದದ್ದು ನಾಲ್ಕೈದು ಸಲ ಇರಬಹುದು, ಅದೂ ಮ್ಯಾಟ್ನಿ ಹೊತ್ತಿಗೆ. ಸ್ಟೂಲಿನ ಮೇಲೆ ನಿಂತು ಆ ಸಣ್ಣ ಕಿಂಡಿಯಿಂದ ಪರದೆ ನೋಡುತ್ತಿದ್ದೆ. ಪರದೆಗಿಂತ ಜಾಸ್ತಿ ನಿನಗೆ ಕಿಂಡಿಯಿಂದ ಹೊರಟ ಬೆಳಕಿನಲ್ಲಿ ಹಾರುವ ಧೂಳು ಇಷ್ಟ.

ಎರಡು ಮಷೀನ್. ಒಂದರಲ್ಲಿ ರೀಲು ಓಡುವಾಗ ಇನ್ನೊಂದಕ್ಕೆ ಮುಂದಿನದನ್ನು ಏರಿಸಿ ತಯಾರು ಇಡಬೇಕು. ಸಾವಿರ ಅಡಿ ಫಿಲಂ ಅಂದರೆ ಹನ್ನೊಂದು ನಿಮಿಷ. ನಾವು ಎರಡೆರಡು ರೀಲು ಜೋಡಿಸಿ ಹಾಕುತ್ತಿದ್ದೆವು. ಅಂದರೆ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾವಣೆ. ರೀಲು ಮುಗಿಯುವ ಮೊದಲು ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿನುಗುತ್ತದೆ. ಆಗ ಎರಡನೇ ಮಷೀನ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ಆಗ ಇದರ ಬೆಳಕು ಮುಚ್ಚಿ ಅದರದ್ದು ತೆರೆಯಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ತಪ್ಪಿದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ.

ಬೆಳಕಿಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿ, ಮೇಲೆ ತಾಮ್ರದ ಲೇಪ. ಅವುಗಳ ತುದಿ ಹತ್ತಿರ ತಂದರೆ ನಡುವೆ ಬೆಂಕಿ ಹೊತ್ತಿ ಬೆಳಕು ಬರುತ್ತದೆ. ಉರಿದ ಹಾಗೆ ಕಡ್ಡಿ ಸವೆಯುತ್ತದೆ, ನಡುವಿನ ಅಂತರ ಹೆಚ್ಚುತ್ತದೆ, ಪರದೆಯ ಬಣ್ಣ ಕೆಡುತ್ತದೆ. ಕಪ್ಪು ಗಾಜಿನಲ್ಲಿ ನೋಡುತ್ತಾ ಹಿಡಿ ತಿರುಗಿಸಿ ಸರಿ ಮಾಡುತ್ತಲೇ ಇರಬೇಕು. ಓಡುತ್ತಿರುವ ಫಿಲಂ ಸಿಕ್ಕಿಹಾಕಿಕೊಂಡು ನಿಂತರೆ ಆ ಶಾಖಕ್ಕೆ ಬೊಬ್ಬೆ ಎದ್ದು ಕರಗಿಬಿಡುತ್ತದೆ. ಹಾಗಾಗಿ ಮಷೀನ್ ಬಿಟ್ಟು ಕದಲುವ ಹಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಷ್ಟು ವರ್ಷ ನಾನು ಇದನ್ನೇ ಕಾರಣ ಅಂತ ನನಗೆ ನಾನೇ ಹೇಳಿಕೊಂಡು ಬಂದೆ.

ಅದು 2000ನೇ ಇಸವಿ ಜುಲೈ. ನಿನಗೆ ನಾಲ್ಕು ತುಂಬಿತ್ತು. ಆಷಾಢದ ಮಳೆ. ನಮ್ಮ ಟಾಕೀಸಿಗೆ ಶೀಟಿನ ಮಾಡು, ನಿನಗೆ ನೆನಪಿರಬಹುದು. ಜೋರು ಮಳೆ ಬಂದರೆ ಒಂದು ಡೈಲಾಗೂ ಕೇಳುತ್ತಿರಲಿಲ್ಲ. 'ಸೌಂಡ್, ಸೌಂಡ್' ಅಂತ ಕೆಳಗಿನಿಂದ ಕೂಗು. ಆದರೂ ಜನ ಬರುತ್ತಿದ್ದರು. ಆಯನೂರು, ಕುಂಸಿ, ಹೊಳೆಹೊನ್ನೂರಿನಿಂದ ಸಂಜೆ ಬಸ್ಸಿಗೆ ಬಂದು, ಸಾಮಾನು ಕೊಂಡು, ಚೀಲ ತೊಡೆಯ ಮೇಲೆ ಇಟ್ಟುಕೊಂಡೇ ಸಿನಿಮಾ ನೋಡುವವರು. ಗದ್ದೆ ಕೆಲಸ ಮುಗಿಸಿ ಕಂಬಳಿ ಕೊಪ್ಪೆಯಲ್ಲೇ ಬರುವವರು. ಒದ್ದೆ ಕಂಬಳಿಯ ವಾಸನೆ, ಬೀಡಿ ಹೊಗೆ, ಹುರಿದ ಕಡ್ಲೆಕಾಯಿ, ಎಲ್ಲ ಸೇರಿ ಮೇಲೆ ಕ್ಯಾಬಿನ್ನಿನವರೆಗೂ ಬರುತ್ತಿತ್ತು. 1972ರಲ್ಲಿ ನಿನ್ನ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು 'ಬಂಗಾರದ ಮನುಷ್ಯ' ತೋರಿಸಿದ್ದ. ಆಗಲೂ ಇದೇ ವಾಸನೆ. ಈಗ ಮಾಲ್‌ನಲ್ಲಿ ಎಷ್ಟು ದುಡ್ಡು ಕೊಟ್ಟರೂ ಅದು ಸಿಗುವುದಿಲ್ಲ ಅಂತ ನಿನ್ನ ಹತ್ತಿರ ಎಷ್ಟು ಸಲ ಹೇಳಿದ್ದೇನೋ.

ಸ್ಲೈಡ್ ವಿಷಯ ನಿನಗೆ ಗೊತ್ತಿಲ್ಲ ಅನ್ಸುತ್ತೆ. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಸಿನಿಮಾ ನೋಡುತ್ತಿರುವವರ ಮನೆಯಲ್ಲಿ ಏನಾದರೂ ಆದರೆ ಯಾರೋ ಓಡಿ ಬಂದು ಗೇಟಿನಲ್ಲಿ ಹೇಳುತ್ತಿದ್ದರು. ಗೇಟ್‌ಕೀಪರ್ ಮೇಲೆ ಬಂದು ನನಗೆ ಹೆಸರು ಹೇಳುತ್ತಿದ್ದ. ನಾನು ಮಸಿ ಬಳಿದ ಗಾಜಿನ ತುಂಡಿನ ಮೇಲೆ ಮೊಳೆಯಿಂದ ಗೀರುತ್ತಿದ್ದೆ. ಇಂಥ ಊರಿನ ಇಂಥವರು ಕೂಡಲೇ ಹೊರಗೆ ಬರಬೇಕು. ಅದು ಪರದೆಯ ಮೇಲೆ ಬೀಳುತ್ತಿದ್ದ ಹಾಗೆ ಕತ್ತಲಲ್ಲಿ ಒಂದು ತಲೆ ಏಳುತ್ತಿತ್ತು. ಬಾಗಿಲ ಪರದೆ ಸರಿಯುತ್ತಿತ್ತು, ಒಂದು ಗಳಿಗೆ ಬೆಳಕು, ಮತ್ತೆ ಕತ್ತಲೆ. ಯಾರೊಬ್ಬರೂ ಕೂತೇ ಇದ್ದದ್ದನ್ನು ನಾನು ನೋಡಿಲ್ಲ ಪುಟ್ಟೀ. ಕ್ಲೈಮ್ಯಾಕ್ಸ್ ಇರಲಿ, ಹಾಡು ಇರಲಿ, ಹೆಸರು ಕಂಡವರು ಎದ್ದು ಹೋಗುತ್ತಿದ್ದರು. ಎಷ್ಟೋ ಜನರನ್ನು ಹಾಗೆ ಎಬ್ಬಿಸಿ ಕಳಿಸಿದ್ದೇನೆ.

ಆ ರಾತ್ರಿ ಗೇಟ್‌ಕೀಪರ್ ಮೇಲೆ ಬಂದಾಗ ನಾನು ಅಭ್ಯಾಸದಂತೆ ಗಾಜು, ಮೊಳೆ ಕೈಗೆ ತಗೊಂಡೆ. 'ಯಾರ ಹೆಸರು?' ಅಂದೆ. ಅವನು ಸುಮ್ಮನೆ ನಿಂತ. ಆಮೇಲೆ ಹೇಳಿದ: 'ನಿಮಗೇ ಅಣ್ಣಾ. ಮಗುಗೆ ಫಿಟ್ಸ್ ಬಂತಂತೆ. ಅತ್ತಿಗೆ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರಂತೆ.'

ಗಂಟೆ ಹತ್ತೂಕಾಲು. ಸಹಾಯಕ್ಕೆ ಇದ್ದ ಹುಡುಗ ಊರಿಗೆ ಹೋಗಿದ್ದ, ಹೊಳೆ ತುಂಬಿ ಬಸ್ಸಿಲ್ಲದೆ ಅಲ್ಲೇ ಉಳಿದಿದ್ದ. ಆಸ್ಪತ್ರೆ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಮ್ಯಾನೇಜರ್ ಕೆಳಗೆ ಟಿಕೆಟ್ ಲೆಕ್ಕ ಬರೆಯುತ್ತಾ ಕೂತಿದ್ದರು. ಹದಿನೆಂಟು ಮೆಟ್ಟಿಲು ಇಳಿದು ಕೇಳಿದ್ದರೆ ಮುಗಿಯುತ್ತಿತ್ತು. ಶೋ ನಿಲ್ಲಿಸಿ, ದುಡ್ಡು ವಾಪಸ್ ಕೊಡಿ, ನನ್ನ ಮಗಳಿಗೆ ಹುಷಾರಿಲ್ಲ ಅಂತ.

ನಾನು ಕೇಳಲೇ ಇಲ್ಲ.

ಅವರು ಬಿಡಲಿಲ್ಲ ಅನ್ನುವುದು ಸುಳ್ಳು. ಕೇಳಿದ್ದರೆ ಏನು ಹೇಳುತ್ತಿದ್ದರೋ, ಬಿಡುತ್ತಿದ್ದರೋ ಏನೋ. ನಾನು ಮಷೀನ್ ಹತ್ತಿರ ತಿರುಗಿ ಕಾರ್ಬನ್ ಸರಿ ಮಾಡಿದೆ. ಇನ್ನೂ ಐದು ಬದಲಾವಣೆ ಇತ್ತು. ಎಣಿಸಿದೆ. ಕೆಲಸ ಹೋದೀತು ಅನ್ನುವ ಹೆದರಿಕೆ ಇತ್ತು, ಅದು ನಿಜ. ಮನೆ ಬಾಡಿಗೆ ಎರಡು ತಿಂಗಳು ಬಾಕಿ ಇತ್ತು. ಆದರೆ ಅಷ್ಟೇ ಅಲ್ಲ. ಅಲ್ಲಿಗೆ ಹೋದರೆ ಏನು ನೋಡಬೇಕಾಗುತ್ತದೋ ಅಂತ ನನಗೆ ಕಾಲು ಬರಲಿಲ್ಲ. ನಿನ್ನ ದೊಡ್ಡಪ್ಪನ ಮಗು ಹೀಗೇ ಜ್ವರದಲ್ಲಿ ಹೋಗಿತ್ತು. ಮಷೀನ್ ಎದುರು ನನ್ನ ಕೈಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಆಸ್ಪತ್ರೆಯಲ್ಲಿ ಗೊತ್ತಿರಲಿಲ್ಲ. ಇಂಟರ್‌ವೆಲ್ ಬಂತು. ಗಂಟೆ ಒತ್ತಿದೆ, 'ವಿಶ್ರಾಂತಿ' ಸ್ಲೈಡ್ ಹಾಕಿದೆ. ಆ ಹತ್ತು ನಿಮಿಷದಲ್ಲಾದರೂ ಇಳಿಯಬಹುದಿತ್ತು. ರೀಲು ಸುತ್ತುತ್ತಾ ಕೂತೆ. ಕಿಂಡಿಯಿಂದ ನೋಡಿದರೆ ಜನ ಬೋಂಡ ತಿನ್ನುತ್ತಿದ್ದರು, ಒಬ್ಬ ಅಪ್ಪ ಮಗುವಿಗೆ ಸೋಡಾ ಕುಡಿಸುತ್ತಿದ್ದ.

ಹನ್ನೆರಡೂವರೆಗೆ ಶೋ ಬಿಟ್ಟಿತು. ಕೊಡೆ ಮರೆತು ಸೈಕಲ್ ಹತ್ತಿದೆ. ವಾರ್ಡಿನಲ್ಲಿ ನೀನು ಮಲಗಿದ್ದೆ, ಕೈಗೆ ಡ್ರಿಪ್ ಹಾಕಿ ರಟ್ಟು ಕಟ್ಟಿದ್ದರು. ಜ್ವರ ಇಳಿದಿತ್ತು. ಅಮ್ಮ ನನ್ನ ಒದ್ದೆ ಅಂಗಿ ನೋಡಿ 'ಅವರು ಬಿಡಲಿಲ್ಲ ಅಲ್ವಾ?' ಅಂದಳು. ನಾನು 'ಹ್ಞೂಂ' ಅಂದೆ.

ಆ ಒಂದು 'ಹ್ಞೂಂ' ಇಷ್ಟು ವರ್ಷ ಮನೆಯಲ್ಲಿ ಉಳಿಯಿತು. ಅಮ್ಮ ಅದನ್ನೇ ನಿನಗೆ ಹೇಳಿದಳು. ನೀನು ಅದನ್ನೇ ನಂಬಿ ಟಾಕೀಸಿನ ಮೇಲೆ, ಸಿನಿಮಾದ ಮೇಲೆ ಸಿಟ್ಟು ಬೆಳೆಸಿಕೊಂಡೆ. ಆ ಗೋಡೆ ಬೀಳುವಾಗ ನಿನಗೆ ಸಮಾಧಾನ ಆಯಿತು. ಗೋಡೆ ಏನೂ ಮಾಡಿರಲಿಲ್ಲ ಪುಟ್ಟೀ. ಅಮ್ಮನಿಗೆ ಇವತ್ತು ಸಂಜೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಳಗೆ ಹೋಗಿ ನಿನ್ನ ಚಟ್ನಿಪುಡಿ ಡಬ್ಬಕ್ಕೆ ತುಂಬತೊಡಗಿದಳು. ಈಗ ಅವಳೂ ನಿದ್ದೆ ಮಾಡಿಲ್ಲ, ಮಗ್ಗುಲು ಬದಲಿಸುವುದು ಕೇಳುತ್ತಿದೆ.

ಇನ್ನೊಂದು ಇದೆ. ಅದೇ ತಿಂಗಳು 30ಕ್ಕೆ ಡಾಕ್ಟರ್ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಗಾಜನೂರು ಅಂತ ಸುದ್ದಿ ಬಂದಾಗ ನಮ್ಮ ಕೇರಿಯವರು ತುಂಗಾ ಅಣೆಕಟ್ಟಿನ ನಮ್ಮ ಗಾಜನೂರೇ ಅಂತ ಗಾಬರಿ ಬಿದ್ದರು. ಅದು ತಾಳವಾಡಿ ಕಡೆಯ ಗಾಜನೂರು. ಅವರು ತಿರುಗಿ ಬರಲು 108 ದಿನ ಬೇಕಾಯಿತು. ಶುರುವಿನಲ್ಲಿ ಕೆಲವು ದಿನ ಟಾಕೀಸ್ ಬಾಗಿಲು ಹಾಕಿತ್ತು. ನಾನು ಸಂಜೆ ಹೊತ್ತು ಮನೆಯಲ್ಲಿದ್ದೆ. ನಿನ್ನನ್ನು ಸೈಕಲ್ ಬಾರಿನ ಮೇಲೆ ಟವೆಲ್ ಹಾಕಿ ಕೂರಿಸಿಕೊಂಡು ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯ ಮಂಟಪ ಮುಳುಗಿದೆಯಾ ಅಂತ ನೋಡಲು ದಿನಾ ಹೋಗುತ್ತಿದ್ದೆ. ಒಂದು ರಾತ್ರಿ ನೀನು ನನ್ನ ಹೊಟ್ಟೆಯ ಮೇಲೆ ಮಲಗಿ 'ಅಪ್ಪಾ, ಟಾಕೀಸ್ ಹೀಗೇ ಮುಚ್ಚಿರಲಿ' ಅಂದೆ. ಇಡೀ ನಾಡು ಅಣ್ಣಾವ್ರು ಬರಲಿ ಅಂತ ಹರಕೆ ಹೊತ್ತಿತ್ತು. ನಾನೂ ಹೊತ್ತಿದ್ದೆ. ಆದರೂ ನಿನ್ನ ಮಾತಿಗೆ ನನ್ನ ಮನಸ್ಸು ಹ್ಞೂಂ ಅಂದಿತು. ಅದಕ್ಕೂ ಎಷ್ಟೋ ದಿನ ಸಂಕಟಪಟ್ಟೆ.

ಆಮೇಲಿನದ್ದು ನಿನಗೆ ಗೊತ್ತು. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ನಮ್ಮದೇ ಜೋಗವನ್ನು ಪರದೆಯಲ್ಲಿ ನೋಡಲು ನಮ್ಮೂರಿನವರೇ ಮುಗಿಬಿದ್ದದ್ದು, ನೀನು ಗೆಳತಿಯರ ಜೊತೆ ಹೋಗಿ ಬಂದದ್ದು. ಆಮೇಲೆ ರೀಲು ಬರುವುದು ನಿಂತಿತು. ಸಿನಿಮಾ ಸ್ಯಾಟಲೈಟಿನಿಂದ ಕಂಪ್ಯೂಟರಿಗೆ ಇಳಿಯತೊಡಗಿತು. ಒಂದು ಬಟನ್ ಒತ್ತಿದರೆ ಸಾಕು. ನಾನು ಅಡಿಕೆ ಮಂಡಿಗೆ ಲೆಕ್ಕ ಬರೆಯಲು ಸೇರಿದೆ. ನೀನು ಓದಿ ಮುಂದೆ ಬಂದೆ. ಮಂಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮಗಳು ಜರ್ಮನಿಗೆ ಹೋಗುತ್ತಾಳೆ, ಯಾರ ಶಿಫಾರಸೂ ಇಲ್ಲದೆ ಅಂತ. ನಿನ್ನೆದುರು ಒಂದು ಸಲವೂ ಹೇಳಲಿಲ್ಲ.

ಅಲ್ಲಿ ಹೋದಮೇಲೆ ಕೆಲಸದಲ್ಲಿ ಒಬ್ಬಳೇ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡ. ನಿನ್ನ ಕೆಲಸ ಗೊತ್ತಿರುವ ಇನ್ನೊಬ್ಬರು ಪಕ್ಕದಲ್ಲಿ ಇರಲಿ. ನೀನೇ ಕಲಿಸು. ನಾನಿಲ್ಲದಿದ್ದರೆ ನಿಂತುಹೋಗುತ್ತದೆ ಅನ್ನುವುದು ಹೆಮ್ಮೆ ಅಲ್ಲ ಪುಟ್ಟೀ, ಅದು ಹಗ್ಗ. ರಜೆ ಬೇಕಾದರೆ ಬಾಯಿಬಿಟ್ಟು ಕೇಳು. ಬೇಡ ಅಂದರೆ ಅನ್ನಲಿ, ಕೇಳುವುದು ಮುಖ್ಯ. ಜ್ವರ ಬಂದರೆ ಎರಡು ದಿನ ನೋಡೋಣ ಅನ್ನಬೇಡ. ಪಕ್ಕದ ಮನೆಯವರ ಹೆಸರು ಮೊದಲ ವಾರವೇ ತಿಳಿದುಕೋ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿ ಇಡು. ಬರೀ ಬ್ರೆಡ್ ತಿನ್ನಬೇಡ, ಅಕ್ಕಿ ಅಲ್ಲೂ ಸಿಗುತ್ತಂತೆ. ರಾತ್ರಿ ಒಬ್ಬಳೇ... ಇದನ್ನೇ ಹೇಳಲು ಹೋಗಿ ಮೊನ್ನೆ ಜಗಳ ಆದದ್ದು. ಸಾಕು, ಬಿಡುತ್ತೇನೆ.

ನನ್ನನ್ನು ಕ್ಷಮಿಸು ಅಂತ ಕೇಳಲು ಬರೆಯಲಿಲ್ಲ. ಕ್ಷಮಿಸಿದರೆ ಬೇಡ ಅನ್ನುವುದೂ ಇಲ್ಲ. ಸುಳ್ಳನ್ನು ಜೊತೆಗೆ ಕಟ್ಟಿ ನಿನ್ನನ್ನು ಅಷ್ಟು ದೂರ ಕಳಿಸಲು ಮನಸ್ಸು ಬರಲಿಲ್ಲ.

ನನಗೆ ಈಗಲೂ ಹನ್ನೆರಡೂವರೆಗೆ ಮೊದಲು ನಿದ್ದೆ ಬರುವುದಿಲ್ಲ. ಸೆಕೆಂಡ್ ಶೋ ಬಿಡುವ ಹೊತ್ತು ಅದು, ಮೈಗೆ ಅಭ್ಯಾಸ ಆಗಿಬಿಟ್ಟಿದೆ. ತಮ್ಮನ ಹತ್ತಿರ ಕೇಳಿದೆ, ಆಗ ಅಲ್ಲಿ ರಾತ್ರಿ ಒಂಬತ್ತಂತೆ, ಚಳಿಗಾಲದಲ್ಲಿ ಎಂಟಂತೆ. ನಿನ್ನ ಊಟ ಮುಗಿದಿರುತ್ತದೆ. ಆ ಹೊತ್ತಿಗೆ ಫೋನ್ ಮಾಡು. ಬೈಯುವುದಿದ್ದರೂ ಮಾಡು. ಫೋನ್ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಇರುತ್ತದೆ.

ಇಂತಿ
ನಿನ್ನ ಅಪ್ಪ