ಸಿನಿಮಾ, ಅನಿಮೇಷನ್ ಕೆಲಸಗಳ ಹೆಸರು ನಮ್ಮ ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ಬೆನ್ನಿಗೇ ಪತ್ರಿಕೆಗಳಲ್ಲಿ ಬರುವ 'ಮುಂದೇನು?' ಪುಟಗಳನ್ನು ನಾನು ಪ್ರತಿವರ್ಷ ಗಮನವಿಟ್ಟು ಓದುತ್ತೇನೆ. ಎಂಜಿನಿಯರಿಂಗ್‌ನ ಒಂದೊಂದು ಶಾಖೆಗೂ, ಒಂದೊಂದು ಅರೆವೈದ್ಯಕೀಯ ಕೋರ್ಸಿಗೂ ಅಲ್ಲಿ ಪ್ರತ್ಯೇಕ ವಿವರಣೆ ಇರುತ್ತದೆ. ಚಲನಚಿತ್ರ ಮತ್ತು ಅನಿಮೇಷನ್ ಮಾತ್ರ 'ಸೃಜನಶೀಲರಿಗೆ ವಿಪುಲ ಅವಕಾಶ' ಎಂಬಂತಹ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ದುಡಿದು ನಿವೃತ್ತಳಾಗಿರುವ ನಾನು, ಆ ಒಂದು ಸಾಲು ನಮ್ಮ ಮಕ್ಕಳಿಗೆ ಸಾಲದು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಊರುಗಳಲ್ಲಿ ಹುಡುಗನೊಬ್ಬ ಸಿನಿಮಾದಲ್ಲಿ ಕೆಲಸ ಮಾಡುತ್ತೇನೆಂದರೆ ಮನೆಯವರ ಕಣ್ಣ ಮುಂದೆ ಬರುವುದು ನಟ, ಬಿಟ್ಟರೆ ನಿರ್ದೇಶಕ, ಹೆಚ್ಚೆಂದರೆ ಹಿನ್ನೆಲೆ ಗಾಯಕ. ಈ ಮೂರಕ್ಕೂ ಅದೃಷ್ಟ ಬೇಕು, ಗಾಂಧಿನಗರದಲ್ಲಿ ಪರಿಚಯದವರಿರಬೇಕು, ವರ್ಷಗಟ್ಟಲೆ ಕಾಯುವ ತಾಕತ್ತು ಬೇಕು ಎಂದು ಅವರು ಹೆದರುವುದರಲ್ಲಿ ತಪ್ಪೇನೂ ಇಲ್ಲ. ಹುಡುಗಿಯಾದರಂತೂ ಮಾತು ಅಲ್ಲಿಗೇ ನಿಲ್ಲುತ್ತದೆ. ಅನಿಮೇಷನ್ ವಿಷಯದಲ್ಲಿ ಇರುವುದು ಇನ್ನೊಂದು ಬಗೆಯ ಅರೆತಿಳಿವಳಿಕೆ: 'ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ, ಅನಿಮೇಷನ್‌ಗೆ ಸೇರಿಸಿ' ಎಂದು ಸಲಹೆ ಕೊಡುವವರಿಗೆ, ಅಲ್ಲಿ ಒಂದು ಗೆರೆಯನ್ನೂ ಎಳೆಯದೆ ದುಡಿಯುವವರು ಎಷ್ಟು ಮಂದಿ ಎಂಬ ಕಲ್ಪನೆ ಇರುವುದಿಲ್ಲ. ಹತ್ತಾರು ವೃತ್ತಿಗಳು ಕೂಡಿ ನಡೆಯುವ ಕ್ಷೇತ್ರವಿದು. ಆ ಒಂದೊಂದು ಕೆಲಸದ ಹೆಸರನ್ನೂ ಅದಕ್ಕೆ ಬೇಕಾದ ತಯಾರಿಯನ್ನೂ ಬಿಡಿಸಿ ಹೇಳದಿದ್ದರೆ, ತನ್ನ ಕೈಯಲ್ಲಿರುವ ವಿದ್ಯೆಗೆ ಅಲ್ಲಿ ಜಾಗವಿದೆಯೆಂದು ಮಗುವಿಗೆ ತಿಳಿಯುವ ದಾರಿಯೇ ಇಲ್ಲ.

ಆಗುಂಬೆ, ತೀರ್ಥಹಳ್ಳಿ, ಶರಾವತಿ ಹಿನ್ನೀರಿನ ಸೀಮೆಯವರಿಗೆ ಚಿತ್ರೀಕರಣ ಹೊಸದಲ್ಲ. ಆದರೆ ಶೂಟಿಂಗ್ ನೋಡಲು ಹೋದವರು ನಟರನ್ನು ನೋಡಿ ಬರುತ್ತಾರೆಯೇ ಹೊರತು ಸುತ್ತಲಿನ ಯೂನಿಟ್ಟನ್ನು ನೋಡುವುದು ಕಡಿಮೆ. ಛಾಯಾಗ್ರಾಹಕರ ಪಕ್ಕದಲ್ಲಿ ನಿಂತು, ನಟ ಒಂದು ಹೆಜ್ಜೆ ಮುಂದಿಟ್ಟರೂ ಅಷ್ಟೇ ಲೆಕ್ಕದಲ್ಲಿ ಫೋಕಸ್ ಬದಲಿಸುವ ಸಹಾಯಕನದು ಒಂದು ವೃತ್ತಿ. ದೀಪ, ಜನರೇಟರ್ ನೋಡಿಕೊಳ್ಳುವವರದು ಎಲೆಕ್ಟ್ರಿಷಿಯನ್ ತರಬೇತಿ ಬೇಡುವ ಕೆಲಸ. ಬೆಳಿಗ್ಗೆ ತೆಗೆದ ದೃಶ್ಯದ ಮುಂದುವರಿಕೆಯನ್ನು ನಾಲ್ಕು ದಿನ ಬಿಟ್ಟು ತೆಗೆಯುವಾಗ ಸೀರೆಯ ನೆರಿಗೆ, ಗಡಿಯಾರದ ಮುಳ್ಳು, ಲೋಟದಲ್ಲಿ ಉಳಿದ ಕಾಫಿ ಎಲ್ಲವೂ ಮೊದಲಿನಂತೆಯೇ ಇವೆಯೇ ಎಂದು ಬರೆದಿಟ್ಟು ನೋಡಿಕೊಳ್ಳುವ ಕಂಟಿನ್ಯೂಟಿ ಕೆಲಸಕ್ಕೆ ಬೇಕಾದದ್ದು ಅಸಾಧಾರಣ ಗಮನ. ಸೆಟ್ ಕಟ್ಟಲು ಬಡಗಿಗಳು ಬೇಕು, ವಸ್ತ್ರವಿನ್ಯಾಸಕ್ಕೆ ಹೊಲಿಗೆ ಬಲ್ಲವರು ಬೇಕು. ಊಟ, ವಸತಿ, ವಾಹನ, ಅನುಮತಿಪತ್ರ, ದಿನಗೂಲಿಯ ಲೆಕ್ಕ ಇಷ್ಟನ್ನೂ ತೂಗಿಸುವ ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆ ವಾಣಿಜ್ಯ ಓದಿದ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ.

ಚಿತ್ರೀಕರಣ ಮುಗಿದ ಮೇಲೆ ಶುರುವಾಗುವ ಕೆಲಸಗಳು ಇನ್ನೂ ಹೆಚ್ಚು. ಸಂಕಲನ ಎಲ್ಲರಿಗೂ ಕೇಳಿ ಗೊತ್ತು. ಶಬ್ದದ ಕೆಲಸ ಅಷ್ಟಾಗಿ ಗೊತ್ತಿಲ್ಲ, ಆದ್ದರಿಂದ ಅದನ್ನು ತುಸು ವಿವರಿಸುತ್ತೇನೆ. ಪರದೆಯ ಮೇಲೆ ಒಬ್ಬಳು ಅಡಿಕೆ ಸೋಗೆ ಎಳೆದುಕೊಂಡು ಅಂಗಳ ದಾಟುತ್ತಾಳೆ ಎಂದಿಟ್ಟುಕೊಳ್ಳಿ. ಆ ಸೋಗೆಯ ಸದ್ದನ್ನು, ಅವಳ ಹೆಜ್ಜೆಯನ್ನು, ಬಳೆಯನ್ನು ಹಲವು ಬಾರಿ ಸ್ಟುಡಿಯೊದಲ್ಲಿ ಬೇರೆಯವರು ಚಿತ್ರ ನೋಡುತ್ತಲೇ ಮಾಡಿ ದಾಖಲಿಸುತ್ತಾರೆ. ಇದಕ್ಕೆ ಫೋಲಿ ಎಂದು ಹೆಸರು. ಹಾಲಿವುಡ್‌ನಲ್ಲಿ ಈ ಕೆಲಸಕ್ಕೆ ಹೆಸರಾಗಿದ್ದ ಜ್ಯಾಕ್ ಫೋಲಿಯಿಂದ ಬಂದದ್ದು. ಹಿನ್ನೆಲೆಯ ಮಳೆ, ಜೀರುಂಡೆ, ದೂರದ ಬಸ್ಸು ಇವನ್ನು ಆರಿಸಿ ಜೋಡಿಸುವವರು ಬೇರೆ, ಮಾತು, ಸಂಗೀತ, ಸದ್ದುಗಳ ಪ್ರಮಾಣವನ್ನು ಹದಗೊಳಿಸುವ ಮಿಕ್ಸಿಂಗ್ ಎಂಜಿನಿಯರ್ ಬೇರೆ. ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಬೀಳುವ ಸದ್ದಿಗೂ ತೋಟದಲ್ಲಿ ಬೀಳುವ ಸದ್ದಿಗೂ ಇರುವ ವ್ಯತ್ಯಾಸವನ್ನು ಕಿವಿಯಲ್ಲೇ ಇಟ್ಟುಕೊಂಡು ಬೆಳೆದ ನಮ್ಮ ಮಕ್ಕಳಿಗೆ, ಅಂತಹ ಕಿವಿಗೆ ಬೆಲೆ ಕೊಡುವ ಉದ್ಯೋಗವಿದೆಯೆಂದು ಯಾರೂ ಹೇಳಿಲ್ಲ. ಬೇರೆ ಭಾಷೆಗಳ ಚಿತ್ರಗಳು ಈಗ ಕನ್ನಡಕ್ಕೆ ಡಬ್ ಆಗಿ ಬರುತ್ತಿರುವುದರಿಂದ, ತುಟಿಚಲನೆಗೆ ಹೊಂದುವಂತೆ ಸಂಭಾಷಣೆ ಬರೆಯುವವರಿಗೂ, ಧ್ವನಿ ಕೊಡುವವರಿಗೂ, ಸಬ್‌ಟೈಟಲ್ ಬರೆಯುವವರಿಗೂ ಕೆಲಸವಿದೆ, ಕನ್ನಡ ಎಂ.ಎ. ಮಾಡಿದವರಿಗೆ ಇದು ತೆರೆದ ಬಾಗಿಲು.

ಅನಿಮೇಷನ್‌ನಲ್ಲಿ ಕೆಲಸ ಇಷ್ಟೊಂದು ಭಾಗವಾಗುವುದಕ್ಕೆ ಕಾರಣ ಒಂದು ಸರಳ ಲೆಕ್ಕದಲ್ಲಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದೂವರೆ ಗಂಟೆಯ ಚಿತ್ರಕ್ಕೆ 1,29,600 ಚೌಕಟ್ಟುಗಳಾದವು. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕೇ ಬೇಕು. ಇದು ಒಬ್ಬರಿಂದ ಆಗುವ ಮಾತಲ್ಲ. ಕಥೆಯನ್ನು ಚೌಕಗಳಲ್ಲಿ ಬಿಡಿಸಿ ತೋರಿಸುವ ಸ್ಟೋರಿಬೋರ್ಡ್ ಕಲಾವಿದರು, ಪಾತ್ರದ ರೂಪ ಕೊಡುವವರು, ಹಿನ್ನೆಲೆ ಬರೆಯುವವರು, ಚಲನೆ ಕೊಡುವ ಅನಿಮೇಟರ್‌ಗಳು ಇದ್ದೇ ಇರುತ್ತಾರೆ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಇವರ ಜೊತೆಗೆ ಮಾಡೆಲಿಂಗ್‌ನವರು ಪಾತ್ರದ ಆಕಾರ ಕಟ್ಟುತ್ತಾರೆ; ಅದರೊಳಗೆ ಮೂಳೆ, ಕೀಲುಗಳ ವ್ಯವಸ್ಥೆ ಕೂರಿಸುವ ರಿಗ್ಗಿಂಗ್‌ನವರಿಗೆ ಶರೀರರಚನೆಯೂ ಗೊತ್ತಿರಬೇಕು, ಒಂದಿಷ್ಟು ಪ್ರೋಗ್ರಾಮಿಂಗೂ ಬರಬೇಕು. ಬೆಳಕು ಕೂರಿಸುವವರು, ಹೊಗೆ, ನೀರು, ಬೆಂಕಿಗಳನ್ನು ಭೌತಶಾಸ್ತ್ರದ ನಿಯಮಗಳಿಂದ ಹುಟ್ಟಿಸುವವರು, ನಿಜವಾದ ಕ್ಯಾಮೆರಾದ ಚಲನೆಯನ್ನು ರೇಖಾಗಣಿತದಿಂದ ಲೆಕ್ಕಹಾಕುವ ಮ್ಯಾಚ್‌ಮೂವ್‌ನವರು, ಪದರಗಳನ್ನೆಲ್ಲ ಸೇರಿಸಿ ಕೊನೆಯ ದೃಶ್ಯ ಮಾಡುವ ಕಾಂಪೊಸಿಟಿಂಗ್‌ನವರು ಬೇರೆಬೇರೆ ಪರಿಣತಿಯವರು. ಗಣಿತ ಇಷ್ಟಪಡುವ ಹುಡುಗಿಗೂ ಇಲ್ಲಿ ಜಾಗವಿದೆ, ಅವಳಿಗೆ ನಾನು ಕಲಿಸಿದ ಪೆನ್ಸಿಲ್ ಶೇಡಿಂಗ್ ಬಾರದಿದ್ದರೂ ಸರಿಯೆ.

ಈ ಮಾತಿಗೆ ದೊಡ್ಡ ಉದಾಹರಣೆಗಳಿವೆ. ಅಮೆರಿಕದ ಎಡ್ ಕ್ಯಾಟ್ಮಲ್ ಬಾಲ್ಯದಲ್ಲಿ ಅನಿಮೇಟರ್ ಆಗಬೇಕೆಂದುಕೊಂಡು, ಚಿತ್ರ ಬಿಡಿಸುವುದು ಅಷ್ಟು ಕೈಗೂಡದು ಎನಿಸಿ ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದವರು. ಮುಂದೆ ಕಂಪ್ಯೂಟರ್ ಅನಿಮೇಷನ್ ಚಿತ್ರಗಳಿಗೆ ಹೆಸರಾದ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿ, ಗ್ರಾಫಿಕ್ಸ್ ಕ್ಷೇತ್ರದ ಕೆಲಸಕ್ಕಾಗಿ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2019ನೇ ಸಾಲಿಗೆ ಹಂಚಿಕೊಂಡರು. ಜಪಾನಿನ ಇಸಾವೊ ತಕಾಹಾಟ ಫ್ರೆಂಚ್ ಸಾಹಿತ್ಯದ ವಿದ್ಯಾರ್ಥಿ. ಅನಿಮೇಟರ್ ಆಗಿರದೆಯೇ ಅನಿಮೇಷನ್ ಚಿತ್ರಗಳ ಶ್ರೇಷ್ಠ ನಿರ್ದೇಶಕರಾದರು. ನಮ್ಮ ದೇಶದ ಅನಿಮೇಷನ್‌ಗೆ ಬುನಾದಿ ಹಾಕಿದ ರಾಮ್ ಮೋಹನ್ ಓದಿದ್ದು ರಸಾಯನಶಾಸ್ತ್ರ. 1956ರಲ್ಲಿ ಕೇಂದ್ರ ಸರ್ಕಾರದ ಚಿತ್ರ ತಯಾರಿಕಾ ಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕ ಸೇರಿ, ಡಿಸ್ನಿಯಲ್ಲಿ ದುಡಿದು ಬಂದಿದ್ದ ಕ್ಲೇರ್ ವೀಕ್ಸ್ ಅವರ ಕೈಕೆಳಗೆ ಅವರು ಕೆಲಸ ಕಲಿತರು. ಅಷ್ಟು ದೂರ ಹೋಗುವುದು ಬೇಡವೆನ್ನುವವರಿಗೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರೇ ಇದ್ದಾರೆ: ಅವರು ಮಣಿಪಾಲದಲ್ಲಿ ಔಷಧವಿಜ್ಞಾನ ಓದಿ, ಅನಂತರ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಪಾಲಿಟೆಕ್ನಿಕ್ ಎಂದರೆ ಸಿವಿಲ್, ಮೆಕ್ಯಾನಿಕಲ್ ಎಂದಷ್ಟೇ ತಿಳಿದಿರುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಆ ವಿಭಾಗವೇ ಇಂದು ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿ ಡಿಪ್ಲೊಮಾ ಕಲಿಸುತ್ತಿದೆ.

ಬೇರೆಬೇರೆ ವೃತ್ತಿಯವರು ಒಂದು ಚಿತ್ರದಲ್ಲಿ ಹೇಗೆ ಕೂಡಬಹುದೆಂಬುದಕ್ಕೆ ಮಲೆನಾಡಿನಲ್ಲೇ ತಯಾರಾದ 'ಸಂಸ್ಕಾರ' (1970) ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡ ಈ ಚಿತ್ರದ ಕಥೆ ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರದು, ಅವರು ಇಂಗ್ಲಿಷ್ ಅಧ್ಯಾಪಕರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ಗಣಿತ ಓದಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದವರು. ನಾರಣಪ್ಪನಾಗಿ ನಟಿಸಿದ ಲಂಕೇಶರೂ ಅಧ್ಯಾಪಕರೇ. ಕಲಾ ನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ವರ್ಣಚಿತ್ರಕಾರರು, ಸಂಗೀತ ನೀಡಿದ ರಾಜೀವ ತಾರಾನಾಥರು ಸರೋದ್ ವಾದಕರು, ಕ್ಯಾಮೆರಾ ಹಿಡಿದ ಟಾಮ್ ಕೊವನ್ ಆಸ್ಟ್ರೇಲಿಯಾದವರು. ಇವರಲ್ಲಿ ಹೆಚ್ಚಿನವರಿಗೆ ಸಿನಿಮಾ ಆಗ ಹೊಸದು. ಆದರೆ ಪ್ರತಿಯೊಬ್ಬರೂ ತಮ್ಮದೇ ಒಂದು ವಿದ್ಯೆಯಲ್ಲಿ ಪಳಗಿದ್ದರು, ಚಿತ್ರಕ್ಕೆ ಬೇಕಾಗಿದ್ದದ್ದು ಆ ವಿದ್ಯೆಯೇ.

ಮಲೆನಾಡಿನ ಕೈಗಳಲ್ಲಿ ಅಂತಹ ವಿದ್ಯೆಗಳು ಕಡಿಮೆಯೇನಿಲ್ಲ. ದೀವರ ಸಮುದಾಯದ ಹೆಂಗಸರು ಮನೆಯ ಗೋಡೆಗಳ ಮೇಲೆ ಪುಂಡಿನಾರಿನ ಕುಂಚದಿಂದ, ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟಿನ ಬಣ್ಣದಿಂದ ಬರೆಯುವ ಹಸೆ ಚಿತ್ತಾರದ ಗೆರೆಗಳ ಅಳತೆ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಅರ್ಥವಾದೀತು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ, ಯಕ್ಷಗಾನದ ಬಣ್ಣಗಾರಿಕೆ ಮತ್ತು ವೇಷಭೂಷಣ ಇವೆಲ್ಲ ಪಾತ್ರವಿನ್ಯಾಸಕ್ಕೂ ಸೆಟ್ಟಿಗೂ ಪ್ರಸಾಧನಕ್ಕೂ ನೇರವಾಗಿ ಒದಗುವ ಕಲೆಗಳು. ಹಸೆ ಚಿತ್ತಾರವನ್ನು ಅನಿಮೇಷನ್ ಹಿನ್ನೆಲೆಯಾಗಿ ಬಳಸುವುದಾದರೆ ಅದನ್ನು ಬರೆಯುವವರ ಹೆಸರೂ ಸಂಭಾವನೆಯೂ ಅವರಿಗೇ ಸಲ್ಲಬೇಕು. ಸಿನಿಮಾ ನೋಡುವುದನ್ನು ಕಲಿಸುವ ಪರಂಪರೆಯೂ ನಮ್ಮಲ್ಲೇ ಇದೆ: ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಮ್ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ರೈತರಿಗೆ ತೋರಿಸಿದರು, ರಸಗ್ರಹಣ ಶಿಬಿರಗಳನ್ನು ನಡೆಸಿದರು.

ಇಷ್ಟು ಹೇಳಿ ಕಷ್ಟಗಳನ್ನು ಮುಚ್ಚಿಡುವುದು ಸರಿಯಲ್ಲ. ಈ ಕ್ಷೇತ್ರದಲ್ಲಿ ಬಹಳಷ್ಟು ಕೆಲಸ ಗುತ್ತಿಗೆಯದು. ಒಂದು ಚಿತ್ರ ಮುಗಿದು ಇನ್ನೊಂದು ಸಿಗುವವರೆಗೆ ಸಂಬಳವಿರುವುದಿಲ್ಲ. ಬಿಡುಗಡೆ ದಿನ ಹತ್ತಿರ ಬಂದಾಗ ರಾತ್ರಿ ಹಗಲೆನ್ನದೆ ದುಡಿಸುತ್ತಾರೆ. ಹೊಸಬರು ಮೊದಲು ಮಾಡುವ ರೋಟೊ ಕೆಲಸವನ್ನು, ಎಂದರೆ ನಟನ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಗುರುತಿಸಿ ಬೇರ್ಪಡಿಸುವುದನ್ನು, ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಹೆಚ್ಚುಹೆಚ್ಚಾಗಿ ಮಾಡತೊಡಗಿವೆ. ಒಂದು ತಂತ್ರಾಂಶವನ್ನಷ್ಟೇ ಕಲಿತ ಮಕ್ಕಳಿಗೆ ಇದರ ಪೆಟ್ಟು ಮೊದಲು ತಗಲುತ್ತದೆ. ಹೀಗಿದ್ದರೂ ಅಲ್ಪಾವಧಿ ಕೋರ್ಸಿಗೆ ಲಕ್ಷಗಟ್ಟಲೆ ಶುಲ್ಕ ಪಡೆದು 'ನೂರಕ್ಕೆ ನೂರು ಉದ್ಯೋಗ' ಎಂದು ಜಾಹೀರಾತು ಕೊಡುವ ಖಾಸಗಿ ಕೇಂದ್ರಗಳಿವೆ. ಅಡಿಕೆ ಮೇಲೆ ಸಾಲ ಮಾಡಿ ಮಗಳನ್ನು ಅಂತಹ ಕಡೆಗೆ ಕಳಿಸಿ, ಯಾವ ಕೆಲಸಕ್ಕೆ ತಯಾರಾದೆನೆಂದು ಅವಳಿಗೇ ತಿಳಿಯದೆ ಹಿಂತಿರುಗಿದ ಮನೆಯನ್ನು ನಾನು ಬಲ್ಲೆ. ಕೆಲಸಗಳ ಹೆಸರು ಮೊದಲೇ ಗೊತ್ತಿದ್ದಿದ್ದರೆ ಆ ತಂದೆ ದಾಖಲಾತಿಯ ದಿನವೇ ಸರಿಯಾದ ಪ್ರಶ್ನೆ ಕೇಳುತ್ತಿದ್ದರು.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ಮಾಡಿದ್ದು ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಆದರೆ ಅದರ ಮಾತು ಬೆಂಗಳೂರು ಬಿಟ್ಟು ಹೊಸನಗರದ ಪದವಿಪೂರ್ವ ಕಾಲೇಜಿನವರೆಗೆ ಬಂದದ್ದನ್ನು ನಾನು ಕಂಡಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಶಾಲಾ ಶಿಕ್ಷಣ ಇಲಾಖೆಯೂ ಸೇರಿ, ಸಿನಿಮಾದಲ್ಲಿ ಶಬ್ದ, ಬೆಳಕು, ಸಂಕಲನ, ಲೆಕ್ಕಪತ್ರ ನೋಡಿಕೊಳ್ಳುವ ಮಲೆನಾಡಿನವರನ್ನೇ ತಾಲ್ಲೂಕು ಕೇಂದ್ರಗಳಿಗೆ ಕರೆಸಿ ಮಕ್ಕಳ ಮುಂದೆ ಕೂರಿಸಬೇಕು. ನಟರನ್ನು ಕರೆಸುವುದು ಬೇಡ. ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು ಖಾಲಿ ಬಿಟ್ಟುಕೊಂಡು ಅನಿಮೇಷನ್ ನೀತಿ ಮಾಡುವುದರಲ್ಲಿ ಅರ್ಥವಿಲ್ಲವೆಂದು ಇಲಾಖೆಗೆ ಇಲ್ಲಿಯೇ ವಿನಂತಿಸುತ್ತೇನೆ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಒಂದೇ. ವಾರಕ್ಕೊಂದು ಕೆಲಸವನ್ನು ಎತ್ತಿಕೊಂಡು, ಅದನ್ನು ಮಾಡುತ್ತಿರುವವರಿಂದಲೇ ಓದು, ಸಂಬಳ, ದುಡಿಮೆಯ ವೇಳೆ, ಕಷ್ಟ ಎಲ್ಲವನ್ನೂ ಬರೆಯಿಸಿ ಪ್ರಕಟಿಸಿ. ಅದನ್ನು ದಯವಿಟ್ಟು ಫಲಿತಾಂಶದ ತಿಂಗಳಿಗೆ ಇಟ್ಟುಕೊಳ್ಳಬೇಡಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಪ್ರವೇಶ ಪರೀಕ್ಷೆಗೂ ಐಐಟಿಗಳ ವಿನ್ಯಾಸ ಕೋರ್ಸಿನ ಯುಸೀಡ್ ಪರೀಕ್ಷೆಗೂ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕಾಗುತ್ತದೆ. ದ್ವಿತೀಯ ಪಿಯುಸಿ ಪರೀಕ್ಷೆಗೆ ಮಕ್ಕಳು ಕೂರುವ ಮೊದಲೇ ಯುಸೀಡ್ ಪರೀಕ್ಷೆಯೂ ಎನ್‌ಐಡಿಯ ಮೊದಲ ಹಂತದ ಪರೀಕ್ಷೆಯೂ ಸಾಮಾನ್ಯವಾಗಿ ಮುಗಿದಿರುತ್ತವೆ. 'ಮುಂದೇನು?' ಎಂದು ಪತ್ರಿಕೆ ಕೇಳುವ ಹೊತ್ತಿಗೆ ನಮ್ಮ ಕಡೆಯ ಮಕ್ಕಳಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಈ ಅಂಕಣ ದಸರಾ ರಜೆಗೆ ಮುನ್ನವೇ ಆರಂಭವಾಗಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ